ಎರಡೂ ಸಾಲಿನ ಕೆಂಪು

"ಹಿಡ್ಕೊಳ್ರೀ, ಬಿಡ್ಬೇಡಿ!" ಎಂದು ಲಿಯೆನ್ ಕೂಗುವಷ್ಟರಲ್ಲಿ ಅವಳ ಗಂಡ ಡಾತ್‌ನ ಬೆರಳು ಮಂಚದ ಸಂದಿಗೆ ಸಿಕ್ಕಿಬಿಟ್ಟಿತ್ತು. ಗೋಡೆಗೆ ಮಡಚಿ ನಿಲ್ಲಿಸಿದ್ದ ಆ ಮಂಚ ಕಳಚಿ ಬರಲೂ ಇಲ್ಲ, ಬಿಚ್ಚಿಕೊಳ್ಳಲೂ ಇಲ್ಲ. ಡಾತ್ ಬೆರಳನ್ನು ಬಾಯಿಗಿಟ್ಟುಕೊಂಡು ಅದನ್ನೇ ದುರುಗುಟ್ಟಿ ನೋಡಿದ.

"ನಿಮ್ಮಮ್ಮ ಹೋದ್ರೂ ಇದರ ಹಟ ಹೋಗ್ಲಿಲ್ಲ ನೋಡು. ಒಂದು ಮೊಳೆ ಇಲ್ಲ, ಸ್ಕ್ರೂ ಇಲ್ಲ. ಎಲ್ಲಿಂದ ಕೀಳೋದು?"

"ಕೀಳದೆ ಪೆಟ್ಟಿಗೆ ಎಲ್ಲಿಡ್ತೀರಿ? ನನ್ನ ತಲೆ ಮೇಲಾ?"

ಶವದ ಪೆಟ್ಟಿಗೆ ಆಗಲೇ ಓಣಿಯ ತುದಿಗೆ ಬಂದು ಕೂತಿತ್ತು. ತಾಯಿ ಥೋವಾ ಮೆಟ್ಟಿಲ ಪಕ್ಕದ ಹಲಗೆಯ ಮೇಲೆ ಮಲಗಿದ್ದಳು. ಹೊಟ್ಟೆಯ ಮೇಲೆ ಹಸಿ ಬಾಳೆಕಾಯಿಯ ಚಿಪ್ಪು ಇಟ್ಟಿದ್ದರು, ಎದ್ದು ಕೂರದಿರಲಿ ಅಂತ. ಸೈಗಾನಿನ ಕಾಲುವೆ ದಂಡೆಯ ನಮ್ಮ ಓಣಿಯ ಮನೆಗಳೇ ಹಾಗೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಕ್ಕುತ್ತವೆ. ಅಂಥ ಮನೆಯಲ್ಲಿ ಹುಟ್ಟುವುದು ಸುಲಭ, ಸಾಯುವುದೇ ಫಜೀತಿ. ಮಧ್ಯಾಹ್ನದ ಮುಹೂರ್ತ ತಪ್ಪಿದರೆ ಮತ್ತೊಂದಕ್ಕೆ ವಾರ ಕಾಯಬೇಕು ಎಂದು ಭಿಕ್ಷು ಬೇರೆ ಹೇಳಿಹೋಗಿದ್ದರು.

"ಅಳತೆ ಮಾಡದೆ ಯಾಕೆ ಮೈ ಮುರ್ಕೊಳ್ತೀರೋ?" ಎನ್ನುತ್ತ ಎಂಟನೆ ಮಾಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದ. ನಮ್ಮಲ್ಲಿ ಹುಟ್ಟಿದ ಸರದಿಯೇ ಕರೆಯುವ ಹೆಸರು. ಆದರೆ ಒಂದನೆಯವರು ಅಂತ ಯಾರೂ ಇಲ್ಲ. ಚೊಚ್ಚಲ ಎಂದು ಗೊತ್ತಾದರೆ ದೆವ್ವದ ಕಣ್ಣು ಬೀಳುತ್ತದಂತೆ, ಹಾಗಾಗಿ ಎಣಿಕೆ ಎರಡರಿಂದ ಶುರು. ಈ ಎಂಟನೆ ಮಾಮ ಪೆಟ್ಟಿಗೆ ಹೊರುವವರ ಮುಖಂಡ, ಓಣಿಯ ಸಾವುಗಳೆಲ್ಲ ಅವನ ಹೆಗಲ ಮೇಲೇ ಹೋದದ್ದು.

ಅವನು ಸೊಂಟದಿಂದ ಉಕ್ಕಿನ ಟೇಪು ತೆಗೆದು, ಮಡಚಿದ ಮಂಚದಿಂದ ಎದುರು ಗೋಡೆಯವರೆಗೆ ಎಳೆದ. "ಬೇಕಾದಷ್ಟಿದೆ. ಪೆಟ್ಟಿಗೆ ಇಟ್ಟು, ಸುತ್ತ ಒಬ್ಬರು ಅಡ್ಡಡ್ಡ ನಡೀಬಹುದು." ಹಾಗೆಂದವನು ಟೇಪನ್ನು ಬಿಡದೆ ಬಗ್ಗಿ ನೋಡತೊಡಗಿದ. ಆಮೇಲೆ ಮುಕ್ಕಾಲಿಯನ್ನು ಅಳೆದ. ಮಡಚುವ ಮೇಜನ್ನು, ಗೂಡುಗಳಿರುವ ಮೆಟ್ಟಿಲನ್ನು, ಕನ್ನಡಿಗೆ ಬಟ್ಟೆ ಮುಚ್ಚಿದ್ದ ಬೀರುವನ್ನು ಅಳೆದ. ಅವನ ಮುಖ ಸಪ್ಪಗಾಯಿತು.

"ಲಿಯೆನ್, ಇದನ್ನೆಲ್ಲ ಮಾಡಿದ್ದು ಯಾರಮ್ಮಾ?"

"ಇನ್ಯಾರು? ಅಮ್ಮಾನೇ. ಬೀದೀಲಿ ಬಿಸಾಕಿದ್ದನ್ನೆಲ್ಲ ಹೊತ್ಕೊಂಡು ಬಂದು, ಉಜ್ಜಿ, ಕುಯ್ದು..."

"ಇಲ್ಲಿ ನೋಡು. ಈ ಟೇಪಲ್ಲಿ ಎರಡು ಸಾಲಿದೆ. ಮೇಲಿಂದು ಬದುಕಿರೋರ ಅಳತೆ. ಕೆಳಗಿಂದು ಸತ್ತೋರದು, ಗೋರಿಗೆ, ಪೆಟ್ಟಿಗೆಗೆ, ಹಿರಿಯರ ಫೋಟೋ ಇಡೋ ಪೀಠಕ್ಕೆ. ಕೆಂಪು ಬಂದ್ರೆ ಶುಭ, ಕಪ್ಪು ಬಂದ್ರೆ ಕೇಡು. ಮಂಚ ಕುರ್ಚಿ ಮಾಡೋರು ಮೇಲಿಂದು ಮಾತ್ರ ನೋಡ್ತಾರೆ. ಎರಡೂ ಒಟ್ಟಿಗೆ ಕೆಂಪು ಬರೋದು ಅಲ್ಲೊಂದು ಇಲ್ಲೊಂದು ಕಡೆ." ಅವನು ದನಿ ತಗ್ಗಿಸಿದ. "ಈ ಮನೇಲಿ ಎಲ್ಲಾನೂ ಎರಡರಲ್ಲೂ ಕೆಂಪಿದೆ. ಮುಕ್ಕಾಲಿ ಕಾಲು ಕೂಡ. ಬದುಕಿರೋರ ಮನೇಲಿ ಇಂಥದ್ದು ನಾನು ಕಂಡಿಲ್ಲಪ್ಪ."

ಲಿಯೆನ್‌ಳ ತೋಳಿನ ಮೇಲೆ ಕೂದಲು ನಿಮಿರಿ ನಿಂತವು. ಎರಡೂ ಕೆಂಪು ಯಾಕೆಂದು ಅವಳಿಗೆ ಗೊತ್ತಿತ್ತು.

*

ಆಗ ಅವಳಿನ್ನೂ ಪುಟ್ಟ ಹುಡುಗಿ. ತಾಯಿ ಯಾರದೋ ಖಾಲಿ ಮನೆಯಿಂದ ಒಂದು ಮುರುಕು ಮುಕ್ಕಾಲಿ ತಂದಿದ್ದಳು. ಬಾಗಿಲಲ್ಲೇ ಕೂತು ಹಳೆಯ ಬಣ್ಣ ಕೆರೆದು, ಮರಳು ಕಾಗದದಲ್ಲಿ ಮರದ ಎಳೆಯ ಜಾಡಿನಲ್ಲೇ ಉಜ್ಜಿ, ಬಟ್ಟೆಯ ಉಂಡೆಯನ್ನು ಅರಗಿನ ಪಾಲಿಶ್‌ನಲ್ಲಿ ಅದ್ದಿ ಸುತ್ತಿ ಸುತ್ತಿ ಹಚ್ಚುತ್ತಿದ್ದಳು. ಸತ್ತಂತಿದ್ದ ಮರ ಉಸಿರು ಬಂದ ಹಾಗೆ ಕೆಂಪಗಾಗುವುದನ್ನು ನೋಡುತ್ತ ಹುಡುಗಿ ಎದುರಿಗೆ ಕೂತಿದ್ದಳು. ಪಾಲಿಶ್ ಒಣಗಿ ಮುಗಿಯಿತು ಎನ್ನುವಾಗ ತಾಯಿ ಟೇಪು ಹಿಡಿದಳು, ಮುಖ ಗಂಟಿಕ್ಕಿದಳು, ಗರಗಸ ಎತ್ತಿಕೊಂಡಳು.

"ಅಯ್ಯೋ ಯಾಕಮ್ಮ ಕುಯ್ತೀಯ? ಚೆನ್ನಾಗೇ ಇತ್ತಲ್ಲ! ಮೇಲಿಂದು ಕೆಂಪಿದೆ, ನೋಡು."

"ಕೆಳಗಿಂದೂ ಬೇಕು."

"ಯಾಕೆ?"

ತಾಯಿ ಗರಗಸ ಆಡಿಸುತ್ತಲೇ ಹೇಳಿದಳು. "ನಿಮ್ಮಣ್ಣ ಹೆಂಗೆ ಬರ್ತಾನೋ ಯಾರಿಗ್ಗೊತ್ತು? ಹೆಂಗೇ ಬರ್ಲಿ, ಕೂರೋಕೆ ಜಾಗ ಇರ್ಬೇಕು."

ಅಣ್ಣ ಕ್ವಾನ್ ಯುದ್ಧ ಮುಗಿದ ಮೇಲಿನ ಕೆಟ್ಟ ದಿನಗಳಲ್ಲಿ, ಮೀಸೆ ಮೂಡುವ ವಯಸ್ಸಿಗೆ, ದೇಶ ಬಿಟ್ಟು ಹೋಗಲು ಸಮುದ್ರದ ದೋಣಿ ಹತ್ತಿದ್ದ. ದಡ ಸೇರಿದ ಸುದ್ದಿಯೂ ಬರಲಿಲ್ಲ, ಮುಳುಗಿದ ಸುದ್ದಿಯೂ ಬರಲಿಲ್ಲ. ಗೋಡೆಯ ಮಂಚ ಅವನದು. ಅಪ್ಪ ಮಾಡಿಕೊಟ್ಟದ್ದು. ಅವನು ಕೆಳಗೆ ಮೊಣಕಾಲಿನಿಂದ ಟಕ್ ಎಂದು ಗುದ್ದಿ, ಎಡಗೈಯಲ್ಲಿ ಎಳೆದರೆ ಅದು ಮೆಲ್ಲಗೆ ಇಳಿಯುತ್ತಿತ್ತು. ಲಿಯೆನ್ ಬೆಳೆಯುತ್ತ ಎಷ್ಟು ಸಲ ಹಾಗೇ ಗುದ್ದಿ ನೋಡಿದರೂ ಅವಳ ಮೊಣಕಾಲಿಗೆ ಅದು ಒಲಿಯಲಿಲ್ಲ. ವರ್ಷಕ್ಕೊಮ್ಮೆ, ಹೊಸವರ್ಷದ ಮುಂಚೆ, ತಾಯಿ ಬಾಗಿಲು ಹಾಕಿಕೊಂಡು ಅದನ್ನು ಇಳಿಸಿ, ಉಜ್ಜಿ, ಪಾಲಿಶ್ ಹಚ್ಚಿ ಮತ್ತೆ ಮಡಚುತ್ತಿದ್ದಳು.

*

ಏಳನೆ ಚಿಕ್ಕಮ್ಮ ಎದುರು ಮನೆಯವಳು. ಬಾಯಿ ಜೋರು, ಕರುಳು ಮೆತ್ತಗೆ. ಬಿಳಿ ಬಟ್ಟೆಯನ್ನು ಉದ್ದುದ್ದ ಹರಿದು ಬಾಗಿಲ ಮುಂದಿನ ಕುಂಡದ ಗಿಡಗಳಿಗೆಲ್ಲ ಕಟ್ಟಿದಳು. ಯಜಮಾನಿ ಹೋದಳೆಂದು ಗಿಡಕ್ಕೆ ತಿಳಿಸದಿದ್ದರೆ ಅದು ಕಾದು ಕಾದು ಒಣಗಿಹೋಗುತ್ತದೆ. ಅಷ್ಟಕ್ಕೇ ಬಿಡದೆ ಒಳಗೆ ಬಂದು ಮುಕ್ಕಾಲಿಗೂ ಒಂದು ಚೂರು ಕಟ್ಟಿದಳು.

"ಇದೇನ್ ಚಿಕ್ಕಮ್ಮ, ಮರದ ಸಾಮಾನಿಗೂ ಸೂತಕಾನಾ?" ಎಂದು ಡಾತ್ ನಕ್ಕ.

"ಸುಮ್ನಿರೋ ಹುಡುಗಾ. ಗಿಡಕ್ಕೆ ನೀರು ಹಾಕಿದ್ದಕ್ಕಿಂತ ಇವಕ್ಕೆ ಪಾಲಿಶ್ ಹಾಕಿದ್ದೇ ಜಾಸ್ತಿ ಅವಳು. ಇವಕ್ಕೂ ಗೊತ್ತಾಗ್ಬೇಡ್ವಾ?" ಮೇಜು, ಮೆಟ್ಟಿಲು, ಬೀರು ಎಲ್ಲಕ್ಕೂ ಕಟ್ಟಿ ಮಂಚದ ಬಳಿ ಬಂದಳು.

"ಅದಕ್ಕೆ ಬೇಡ," ಎಂದಳು ಲಿಯೆನ್. ದನಿ ಅವಳಿಗೇ ಗಡುಸಾಗಿ ಕೇಳಿಸಿತು. "ಅದು ಅಮ್ಮನದಲ್ಲ."

ತಾಯಿಯನ್ನು ಪೆಟ್ಟಿಗೆಯೊಳಗೆ ಮಲಗಿಸಿದ್ದಾಯಿತು. ಪೆಟ್ಟಿಗೆ ಆ ಜಾಗದಲ್ಲಿ ಮೊದಲೇ ಹೇಳಿಮಾಡಿಸಿದಂತೆ ಕೂತಿತು. ಸುತ್ತ ಎಲ್ಲರೂ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನಡೆದರು. ಎಂಟನೆ ಮಾಮ ತಲೆಗೆ ಕಟ್ಟುವ ಬಿಳಿ ಪಟ್ಟಿಗಳನ್ನು ಹಂಚಿದ. ಕೊನೆಗೆ ಅವನ ಕೈಯಲ್ಲಿ ಒಂದು ಪಟ್ಟಿ ಉಳಿಯಿತು.

"ಇದು ದೊಡ್ಡ ಮಗಂದು. ಏನ್ ಮಾಡ್ಲಮ್ಮ?"

ಲಿಯೆನ್ ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡಳು.

"ಬದುಕಿದ್ರೆ ಅಮ್ಮನ ಪೀಠದ ಮೇಲೆ ತೆಗೆದಿಡ್ತೀವಿ, ಬಂದಾಗ ಕಟ್ಕೊಳ್ತಾನೆ. ಸತ್ತಿದ್ರೆ ಅಮ್ಮನ ಪೆಟ್ಟಿಗೆ ಮೇಲಿಟ್ಟು ಅವಳ ಜೊತೆ ಬೆಂಕಿಗೆ. ಎರಡರಲ್ಲಿ ಒಂದು ಹೇಳ್ಬೇಕು ನೀನು. ನಿಮ್ಮಮ್ಮ ಅಂತೂ ಹೇಳ್ಲಿಲ್ಲ."

"ಇವಳ ತಲೆಗೆ ಯಾಕ್ ಕಟ್ತೀಯೋ ಪಾಪ," ಎಂದಳು ಏಳನೆ ಚಿಕ್ಕಮ್ಮ.

"ಇನ್ಯಾರ ತಲೆಗೆ ಕಟ್ಲಿ? ಉಳಿದಿರೋಳು ಇವಳೊಬ್ಬಳೇ."

*

ಮದುವೆಯಾದ ಹೊಸತರಲ್ಲಿ ಲಿಯೆನ್ ಮತ್ತು ಡಾತ್ ಮಲಗುತ್ತಿದ್ದದ್ದು ಅಟ್ಟದಲ್ಲಿ, ಕೂತರೆ ಸೂರು ತಲೆಗೆ ಬಡಿಯುವ ಜಾಗದಲ್ಲಿ. ಅವಳು ಬಸುರಿಯಾದಾಗ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಅಣ್ಣನ ಮಂಚ ಇಳಿಸಿಕೊಡು ಎಂದು ತಾಯಿಯನ್ನು ಕೇಳಿದಳು. ತಾಯಿ ಮೂರು ದಿಕ್ಕಿನಿಂದ ಹಲಗೆ ತಂದು ಮೇಜನ್ನೇ ಮಂಚ ಮಾಡಿಕೊಟ್ಟಳು. ಹೊಸ ಗೂಡು ಕೊರೆದಳು, ತೊಟ್ಟಿಲು ಇಳಿಬಿಡಲು ಕೊಕ್ಕೆ ಹಾಕಿದಳು. ಆ ಮಂಚ ಮಾತ್ರ ಇಳಿಸಲಿಲ್ಲ.

"ಇರೋರಿಗೆ ಮೇಜು, ಇಲ್ಲದೋನಿಗೆ ಮಂಚ!" ಎಂದು ಲಿಯೆನ್ ಓಣಿಗೆಲ್ಲ ಕೇಳುವಂತೆ ಕಿರುಚಿದ್ದಳು. "ಅವನು ಸತ್ತಿದಾನಮ್ಮಾ! ಫೋಟೋ ಪೀಠಕ್ಕಿಟ್ಟು ಒಂದು ಬಟ್ಟಲು ಅನ್ನ ಇಡು. ಇಡದೆ ಅವನನ್ನ ಉಪವಾಸ ಅಲೆಸ್ತಿದೀಯ!"

ತಾಯಿ ಬಟ್ಟೆಯ ಉಂಡೆಯನ್ನು ಪಾಲಿಶ್‌ನಲ್ಲಿ ಅದ್ದಿದಳು. "ಬದುಕಿದ್ರೆ? ಬದುಕಿರೋನ ಫೋಟೋ ಪೀಠಕ್ಕಿಟ್ರೆ ನನ್ನ ಕೈಯಾರೆ ಕೊಂದಂಗೆ," ಎಂದಳು. ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಆ ಬಸುರು ನಿಲ್ಲಲಿಲ್ಲ, ತೊಟ್ಟಿಲ ಕೊಕ್ಕೆ ಖಾಲಿಯೇ ಉಳಿಯಿತು.

*

ಪೆಟ್ಟಿಗೆ ಎತ್ತುವ ಹೊತ್ತಾಯಿತು. ಹೊರಗೆ ತಮಟೆ, ಕಹಳೆ ಶುರುವಾಗಿದ್ದವು. ಲಿಯೆನ್ ಕೈಯಲ್ಲಿ ಪಟ್ಟಿ ಹಿಡಿದು ನಿಂತೇ ಇದ್ದಳು. ಅಣ್ಣನ ಮುಖ ನೆನಪಿಗೆ ತಂದುಕೊಳ್ಳಲು ನೋಡಿದಳು, ಬರಲಿಲ್ಲ. ಟಕ್ ಎನ್ನುವ ಮೊಣಕಾಲಿನ ಸದ್ದು ಮಾತ್ರ ನೆನಪಾಯಿತು. ಇಷ್ಟು ವರ್ಷ ಅನ್ನವಿಲ್ಲದೆ ಸಮುದ್ರದ ಮೇಲೆ ಅಲೆಯುತ್ತಿದ್ದರೆ ಅವನ ಗತಿಯೇನು? ಅಮ್ಮ ಹೋದಮೇಲೆ ಅವನಿಗೆ ಅನ್ನ ಇಡುವವಳು ತಾನೊಬ್ಬಳೇ.

"ಸತ್ತಿದಾನೆ," ಎಂದಳು. "ಅಮ್ಮನ ಜೊತೇಲೇ ಹೋಗ್ಲಿ."

ಪಟ್ಟಿಯನ್ನು ಪೆಟ್ಟಿಗೆಯ ಮೇಲಿಟ್ಟಳು. ಅದರ ಪಕ್ಕ ಎಂಟನೆ ಮಾಮ ಅಂಚಿನವರೆಗೆ ನೀರು ತುಂಬಿದ ಬಟ್ಟಲನ್ನಿಟ್ಟ. ಹೊತ್ತವರು ಒಂದು ಹನಿಯೂ ಚೆಲ್ಲದೆ ಓಣಿ ದಾಟಬೇಕು, ಹೋದವರ ಮೈ ಅಲುಗಬಾರದು. ಅವನ ತಂಡ ಎಂದೂ ಚೆಲ್ಲಿದ್ದಿಲ್ಲ. ಅದು ಅವನ ಜಂಬ.

ಮಾಮ ಕೈಯ ಕೋಲಿನಿಂದ ತಾಳ ಕುಟ್ಟಿದ. ಹೊರುವವರು ಉಸಿರು ಬಿಗಿಹಿಡಿದು ಎದ್ದರು. ಪೆಟ್ಟಿಗೆ ತೇಲಿದಂತೆ ಬಾಗಿಲ ಕಡೆ ಸರಿಯಿತು. ಅದು ಮಂಚದ ಪಕ್ಕಕ್ಕೆ ಬಂದಾಗ ಮಡಚಿದ ಮರದ ಒಳಗಿನಿಂದ 'ಟಕ್' ಎಂದಿತು.

ಯಾರೂ ಮಂಚವನ್ನು ಮುಟ್ಟಿರಲಿಲ್ಲ. ಹಿಂದೆ ಹೊತ್ತಿದ್ದವನು ಬೆಚ್ಚಿ ಕಾಲು ಎಡವಿದ. ಬಟ್ಟಲು ಮಗುಚಿ ನೀರೆಲ್ಲ ಪಟ್ಟಿಯ ಮೇಲೆ ಚೆಲ್ಲಿತು. ತಮಟೆ ಕೂಡ ಒಂದು ಕ್ಷಣ ನಿಂತಿತು.

"ಏನೋ ಅದು ಸದ್ದು?" ಎಂದ ಮಾಮ. ಅವನ ಮುಖ ಬಿಳಿಚಿಕೊಂಡಿತ್ತು.

"ಮರ ಮಾಮ, ಒಣಗಿದ ಮರ. ಬಿಸಿಲಿಗೆ ಬಿರಿಯುತ್ತೆ," ಎಂದ ಡಾತ್. ಬೆರಳನ್ನು ಮತ್ತೆ ಬಾಯಿಗಿಟ್ಟುಕೊಂಡಿದ್ದ.

"ಒದ್ದೆ ಪಟ್ಟಿ ಬೆಂಕಿಗೆ ಹೋಗೋ ಹಂಗಿಲ್ಲ. ಇಲ್ಲೇ ಬಿಡಿ. ನಡೀರಿ, ಮುಹೂರ್ತ ಮೀರುತ್ತೆ!"

ಏಳನೆ ಚಿಕ್ಕಮ್ಮ ಪಟ್ಟಿಯನ್ನು ಹಿಂಡಿ, ಒಣಗಲೆಂದು ಕೈಗೆ ಸಿಕ್ಕ ಕಡೆ ಹರವಿದಳು. ಕೈಗೆ ಸಿಕ್ಕಿದ್ದು ಮಂಚದ ಅಂಚು. ಮನೆಯಲ್ಲಿ ಬಿಳಿ ಬಟ್ಟೆ ಇಲ್ಲದೆ ಉಳಿದಿದ್ದ ಒಂದೇ ಸಾಮಾನು ಅದು. ಗಡಿಬಿಡಿಯಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ.

ಚಿತಾಗಾರದಿಂದ ತಿರುಗಿ ಬರುವಾಗ ದೀಪ ಹಚ್ಚುವ ಹೊತ್ತು. ಮನೆ ಗುಡಿಸಲು ಉಳಿದಿದ್ದ ಏಳನೆ ಚಿಕ್ಕಮ್ಮ ಒಳಗಿರಲಿಲ್ಲ. ತನ್ನ ಮನೆಯ ಹೊಸ್ತಿಲಲ್ಲಿ ಪೊರಕೆ ಹಿಡಿದುಕೊಂಡು ಕೂತಿದ್ದಳು. ಅವಳ ಜೋರುಬಾಯಿ ಅಡಗಿತ್ತು.

"ಏನಾಯ್ತು ಚಿಕ್ಕಮ್ಮ?"

"ನನ್ನ ಏನೂ ಕೇಳ್ಬೇಡ ಕಣೇ. ಕಸ ಚೆಲ್ಲೋಕೆ ಕಾಲುವೆ ಹತ್ರ ಹೋದೆ, ಬಂದೆ. ಓಣೀಲಿ ಒಂದು ನರಪಿಳ್ಳೆ ಬಂದಿದ್ದಿಲ್ಲ. ಬಂದಿದ್ರೆ ನನ್ನ ಮುಂದೇನೇ ಹೋಗ್ಬೇಕಿತ್ತು, ಬೇರೆ ದಾರಿ ಎಲ್ಲಿದೆ? ನೀನೇ ಹೋಗಿ ನೋಡು."

ಲಿಯೆನ್ ಒಳಗೆ ಹೋದಳು. ಪೀಠದ ಮೇಲೆ ತಾಯಿಯ ಫೋಟೋ ಮುಂದೆ ಊದುಬತ್ತಿಗಳೆಲ್ಲ ಉರಿದು ಬೂದಿಯಾಗಿದ್ದವು. ಒಂದು ಮಾತ್ರ ಹೊಸದು, ತುದಿಯಷ್ಟೇ ಕೆಂಪಾಗಿ ಉರಿಯುತ್ತಿತ್ತು. ಗೋಡೆಯ ಮಂಚ ಇಳಿದಿತ್ತು. ಪಾಲಿಶ್ ಹೊಸದಾಗಿ ಹೊಳೆಯುತ್ತಿತ್ತು, ಚಾಪೆ ಹಾಸಿಯೇ ಇತ್ತು. ಅಂಚಿನ ಮೇಲಿದ್ದ ಪಟ್ಟಿ ಇರಲಿಲ್ಲ. ಮಂಚದ ಕೆಳಗೆ, ಮೆಟ್ಟಿಲ ಗೂಡುಗಳಲ್ಲಿ, ಅಟ್ಟದಲ್ಲಿ ಎಲ್ಲಾ ಹುಡುಕಿದರು. ಅಷ್ಟು ಚಿಕ್ಕ ಮನೆಯಲ್ಲಿ ಕಳೆದದ್ದು ಎಲ್ಲಿಗೆ ಹೋಗುತ್ತದೆ? ಸಿಗಲಿಲ್ಲ.

"ಯಾರೋ ಬಂದ್ ಹೋಗಿದಾರೆ," ಎಂದ ಡಾತ್. "ನಿಮ್ಮಣ್ಣಾನೇ ಇರಬಹುದು. ಬದುಕಿರ್ಬಹುದು ಲಿಯೆನ್."

"ಇರಬಹುದು."

"ಇಲ್ಲಾಂದ್ರೆ..." ಅವನು ಮಂಚದಿಂದ ಒಂದು ಹೆಜ್ಜೆ ಹಿಂದೆ ಸರಿದ.

ಅವಳು ಮಂಚವನ್ನು ಮಡಚಲು ಹೋಗಲಿಲ್ಲ. ಅಕ್ಕಿ ತೊಳೆದು ಒಲೆಗಿಟ್ಟಳು. ಬೇಯುವವರೆಗೆ ಬೀರುವಿನ ತಳದಿಂದ ಅಣ್ಣನ ಫೋಟೋ ತೆಗೆದು, ಪೀಠಕ್ಕೆಂದೇ ತಾನು ಗುಟ್ಟಾಗಿ ಹಾಕಿಸಿಟ್ಟಿದ್ದ ಚೌಕಟ್ಟಿನ ಸಮೇತ ಕೈಯಲ್ಲಿ ಹಿಡಿದುಕೊಂಡಳು. ಮೀಸೆ ಮೂಡುತ್ತಿದ್ದ ಹುಡುಗ. ಪೀಠದ ಕಡೆ ಒಂದು ಹೆಜ್ಜೆ ಇಟ್ಟು ನಿಂತಳು. ಮತ್ತೆ ಅದನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದಳು.

ಅನ್ನವಾದ ಮೇಲೆ ತಾಯಿಯ ಬಟ್ಟಲನ್ನು ಪೀಠದ ಮೇಲಿಟ್ಟಳು. ತಮ್ಮಿಬ್ಬರ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಇನ್ನೊಂದು ಬಟ್ಟಲಿಗೆ ಅನ್ನ ಬಡಿಸಿ, ಮೇಲೆ ಬೇಯಿಸಿದ ಮೀನಿನ ತುಂಡಿಟ್ಟು, ಎತ್ತ ಇಡುವುದೆಂದು ತೋಚದೆ ಸುಮ್ಮನೆ ನಿಂತಳು. ಕೊನೆಗೆ ಕಾಲಲ್ಲಿ ಮುಕ್ಕಾಲಿಯನ್ನು ಎಳೆದು, ಪೀಠಕ್ಕೂ ಮೇಜಿಗೂ ನಡುವೆ ನಿಲ್ಲಿಸಿ, ಅದರ ಮೇಲಿಟ್ಟಳು.

ಇಬ್ಬರೂ ಊಟಕ್ಕೆ ಕೂತರು. ಎರಡು ತುತ್ತು ಇಳಿದಿರಬೇಕು, ಮಂಚದ ಮರ ಯಾರೋ ಕೂತ ಭಾರಕ್ಕೆಂಬಂತೆ ಕಿರ್ ಎಂದಿತು. ಡಾತ್‌ನ ತುತ್ತು ಬಾಯಿಯ ಹತ್ತಿರವೇ ನಿಂತಿತು.

"ತಿನ್ರೀ," ಎಂದಳು ಲಿಯೆನ್, ತಿರುಗಿ ನೋಡದೆ. "ಸ್ವಲ್ಪ ಈ ಕಡೆ ಸರೀರಿ."

ಬಾಗಿಲಿನಿಂದ ಮಂಚದವರೆಗೆ, ಮಂಚದಿಂದ ಮುಕ್ಕಾಲಿಯವರೆಗೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು, ಗಂಡ ಹೆಂಡತಿ ಮೊಣಕಾಲು ಮಡಚಿಕೊಂಡು ಗೋಡೆಗೆ ಒತ್ತಿ ಕೂತು ಉಂಡರು.