ಝೆಲಿಕಾಳ ಚಾರ್ಜರ್

ಅಲ್ಫೇ ನಿಂತಲ್ಲಿಂದಲೇ ತಂತಿಗೆ ಕೈ ಹಾಕಿ ಜಗ್ಗಿದ. ಅಡುಗೆಮನೆಯ ಗೋಡೆಯಲ್ಲಿ ಚಟ್ಟನೆ ನೀಲಿ ಕಿಡಿ ಹಾರಿತು. ಚಾರ್ಜರ್ ಸಾಕೆಟ್ಟಿನಿಂದ ಓರೆಯಾಗಿ ಕಿತ್ತುಕೊಂಡು ಬಂದು ನೆಲಕ್ಕೆ ಬಿತ್ತು. ಅದರ ಒಂದು ಲೋಹದ ಕಡ್ಡಿ ಸೊಟ್ಟಗಾಗಿತ್ತು, ತಂತಿಯ ಕತ್ತು ಹರಿದು ಒಳಗಿನ ತಾಮ್ರ ಕಾಣುತ್ತಿತ್ತು. ಆ ಜಾಗದಲ್ಲಿ ದೋಣಿಯ ಟಾರ್ಚನ್ನು ಚಾರ್ಜಿಗೆ ಹಾಕಬೇಕೆಂದು ಅವನ ಅವಸರ. ದೋಣಿ ಕಟ್ಟುವ ಧಕ್ಕೆಯಲ್ಲಿ ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಪೇರಿಸಿ ಬಂದ ಕೈಯ ಉಪ್ಪುನೀರು ಇನ್ನೂ ಆರಿರಲಿಲ್ಲ.

ಮೇಜಿನಾಚೆ ಕೂತಿದ್ದ ಹೆಂಡತಿ ಝೆಲಿಕಾ ಚಮಚದಿಂದ ಮೇಜನ್ನು ಟಣಟಣ ಬಡಿದಳು. ಗಂಟಲಿಗೆ ಆಪರೇಷನ್ ಆಗಿ ದನಿ ಹೋದ ಮೇಲೆ ಅವಳ ಸಿಟ್ಟಿಗೆ ಅದೇ ಬಾಯಿ. ಆಮೇಲೆ ಟ್ಯಾಬ್ ಎಳೆದುಕೊಂಡು ಬೆರಳಾಡಿಸಿದಳು. ಅವಳು ಬರೆದದ್ದನ್ನು ಅದು ಓದಿ ಹೇಳುತ್ತಿತ್ತು. ದನಿ ಮಾತ್ರ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಯಾವಳೋ ಹೆಂಗಸಿನದು.

"ಒದ್ದೆ ಕೈಲಿ ಮುಟ್ಬೇಡ, ತಂತಿ ಹಿಡ್ದು ಎಳೀಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ? ಚಾರ್ಜು ಮುಗೀತಾ ಬಂತು. ನಾಳೆ ಬೆಳಗ್ಗೆ ನಾನು ಹ್ಯಾಗೆ..."

ಟ್ಯಾಬಿನ ಮುಖ ಕಪ್ಪಾಯಿತು.

"ತಡಿ, ಟೇಪ್ ಸುತ್ತಿದ್ರೆ ಆಯ್ತು," ಎಂದ ಅಲ್ಫೇ. ಝೆಲಿಕಾ ಅವನ ಕೈಯಿಂದ ಟೇಪಿನ ಸುರುಳಿಯನ್ನು ಕಸಿದು ಕುರ್ಚಿಯ ಮೇಲಿಟ್ಟು, ಅದರ ಮೇಲೇ ಕೂತುಬಿಟ್ಟಳು.

ನಾಳೆ ಲಾಬ್‌ಸ್ಟರ್ ಹಂಗಾಮಿನ ಮೊದಲ ದಿನ. ಮದುವೆಯಾದಾಗಿನಿಂದ ಆ ದಿನ ನಸುಕಿನಲ್ಲಿ ದೋಣಿಗಳು ಅಳಿವೆ ದಾಟುತ್ತಿದ್ದಂತೆ, ಝೆಲಿಕಾ ಅಡುಗೆಮನೆಯ ವೈರ್‌ಲೆಸ್‌ನಲ್ಲಿ ಗಾಳಿಯ ಸುದ್ದಿ ಹೇಳಿ, ಗಂಡನನ್ನು ಒಂದಿಷ್ಟು ಬೈಯುತ್ತಿದ್ದಳು. ಅಕ್ಕಪಕ್ಕದ ದೋಣಿಯವರೆಲ್ಲ ಅದನ್ನು ಕೇಳಿ ನಗುತ್ತಿದ್ದರು. ಕೇಳದಿದ್ದರೆ ಹಂಗಾಮು ಶುರುವಾದಂತೆಯೇ ಇರುತ್ತಿರಲಿಲ್ಲ. ಕಳೆದ ವರ್ಷ ವೈರ್‌ಲೆಸ್ ಸುಮ್ಮನಿತ್ತು. ಈ ಸಲ ಟ್ಯಾಬನ್ನು ಮೈಕಿಗೆ ಹಿಡಿದು ಮಾತಾಡುತ್ತೇನೆಂದು ಅವಳು ಚಳಿಗಾಲವಿಡೀ ಕಾದಿದ್ದಳು.

ಈಗ ಅವನ ಮುಖವನ್ನೇ ನೋಡುತ್ತಾ ತುಟಿಯಾಡಿಸಿದಳು. ಮೊದಲು ಅವನಿಗೆ ತಿಳಿಯಲಿಲ್ಲ. ಟ್ಯಾಬನ್ನು ತೋರಿಸಿ, ಅವನ ಕಿವಿಯನ್ನು ತೋರಿಸಿ ಮತ್ತೊಮ್ಮೆ ಆಡಿಸಿದಳು. ನಿನಗೆ ಈ ದನಿ ಬೇಡ, ಎನ್ನುತ್ತಿದ್ದಳು.

ಅಲ್ಫೇ ಹುಡುಗನಾಗಿದ್ದಾಗಿನಿಂದ ಹಗ್ಗ ಜಗ್ಗಿ ಬದುಕಿದವ. ಜಗ್ಗಿದರೆ ತುದಿಯಲ್ಲಿರುವುದು ಬರಲೇಬೇಕೆಂಬುದಷ್ಟೇ ಅವನ ಕೈಗೆ ಗೊತ್ತು. ಬೇಕೆಂದು ಕಿತ್ತದ್ದಲ್ಲ. ಆದರೆ ಅವಳು ಹೇಳಿದ್ದೂ ಸುಳ್ಳಲ್ಲ. ಆ ಬಸ್ಸಿನವಳು ಬಾಯಿಬಿಟ್ಟಾಗಲೆಲ್ಲ ಅವನು ಏನೋ ನೆಪ ಮಾಡಿ ಅಂಗಳಕ್ಕೆ ಹೋಗುತ್ತಿದ್ದ. ಮುರಿದ ಚಾರ್ಜರನ್ನು ಜೇಬಿಗೆ ತುರುಕಿಕೊಂಡು ಹೊರಟ.

ಊರಿನ ಅಂಗಡಿ ನಡೆಸುವ ಲುಡಿವೀನ್ ಝೆಲಿಕಾಳ ತಂಗಿಯ ಮಗಳು. ಬಾಗಿಲು ಹಾಕುತ್ತಿದ್ದವಳು ಚಾರ್ಜರನ್ನು ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡಳು.

"ದೊಡ್ಡಪ್ಪಾ, ಇದನ್ನೇನು ಸಮುದ್ರದ ತಳದಿಂದ ಎತ್ತಿದ್ಯಾ?"

"ಇಂಥದ್ದೇ ಇನ್ನೊಂದು ಕೊಡೇ ತಾಯಿ. ನಾಳೆ ನಿನ್ನ ದೊಡ್ಡಮ್ಮ ಮಾತಾಡ್ಬೇಕು."

ಹಳೆಯದರ ಬೆನ್ನ ಮೇಲಿನ ಅಂಕಿಗಳಿಗೆ ಹೊಂದುವಂಥದ್ದನ್ನು ಅವಳು ಒಳಗಿನಿಂದ ಹುಡುಕಿ ತಂದಳು. ಅವನು ಕೈ ಚಾಚಿದರೆ ಹಿಂದಕ್ಕೆ ಎಳೆದುಕೊಂಡಳು. "ಸುಮ್ನೆ ಕೊಡಲ್ಲ. ಮೊದ್ಲು ನನ್ನ ಫೋನಿನ ಚಾರ್ಜರ್ ಕಿತ್ತು ತೋರ್ಸು."

ಅಲ್ಫೇಯ ಕೈ ತಾನಾಗಿಯೇ ತಂತಿಗೆ ಹೋಯಿತು. ಲುಡಿವೀನ್ ಪಟ್ಟನೆ ಹೊಡೆದಳು.

"ಹಗ್ಗ ಅಲ್ಲ ಅದು! ಗೋಡೇಲಿರೋ ಗಟ್ಟಿ ಭಾಗ ಹಿಡಿ. ಕಡ್ಡಿ ಮುಟ್ಬೇಡ. ನೆಟ್ಟಗೆ ಎಳಿ, ಅಲ್ಲಾಡಿಸ್ಬೇಡ. ಅದಕ್ಕೂ ಮುಂಚೆ ಕೈ ಒರೆಸ್ಕೋ."

"ಮೀನುಗಾರನ ಕೈ ಯಾವಾಗ ಒಣಗಿರತ್ತೆ?"

"ಒಣಗಿದಾಗ ಮುಟ್ಟು. ಅಲ್ಲೀತನಕ ದೊಡ್ಡಮ್ಮನ್ನ ಕರಿ."

ಇಷ್ಟು ದೊಡ್ಡ ಆಸಾಮಿ ಗೋಡೆಯ ಮುಂದೆ ಮಂಡಿಯೂರಿ, ಮತ್ತೆ ಮತ್ತೆ ಚಾರ್ಜರ್ ಹಾಕಿದ, ತೆಗೆದ. ಅವಳಿಗೆ ನಗು ಬಂದರೂ ನಗಲಿಲ್ಲ. ಕೊನೆಗೆ ಹೊಸದನ್ನು ಕೊಟ್ಟಳು. "ಹಗ್ಗ ಸುತ್ತೋ ಥರ ಬಿಗಿಯಾಗಿ ಸುತ್ತಿಡಬೇಡ. ಕತ್ತು ಹರಿಯೋದೇ ಹಾಗೆ."

ಮನೆಯಲ್ಲಿ ಅಲ್ಫೇ ಮೊದಲು ಆ ಸಾಕೆಟ್ಟನ್ನು ಸೂಕ್ಷ್ಮವಾಗಿ ನೋಡಿದ. ಗೋಡೆ ಕರಿಹಿಡಿದಿತ್ತು, ಅದರ ತಂಟೆಗೆ ಹೋಗಲಿಲ್ಲ. ಕೈ ತೊಳೆದು, ಟವೆಲಿನಲ್ಲಿ ಬೆರಳ ಸಂದುಗಳನ್ನೂ ಒರೆಸಿ, ಕಿಟಕಿಯ ಪಕ್ಕದ ಸಾಕೆಟ್ಟಿಗೆ ಹೊಸ ಚಾರ್ಜರ್ ಒತ್ತಿದ. ಟ್ಯಾಬಿನಲ್ಲಿ ಪುಟ್ಟ ಹಸಿರು ದೀಪ ಮಿನುಗಿತು. ಝೆಲಿಕಾ ನೋಡಿದಳು. ಟೇಪನ್ನು ಮಾತ್ರ ಕೊಡಲಿಲ್ಲ.

ನಸುಕಿನಲ್ಲಿ ದೋಣಿಗಳು ಸಾಲಾಗಿ ಅಳಿವೆ ದಾಟಿದವು. ಬೋನುಗಳ ರಾಶಿಯ ನಡುವೆ ಹಗ್ಗ ಬಿಡಿಸುತ್ತಿದ್ದ ಅಲ್ಫೇಯ ಕಿವಿಯೆಲ್ಲ ವೈರ್‌ಲೆಸ್ಸಿನ ಮೇಲೇ. ಯಾರೋ ಕೆಮ್ಮಿದರು, ಯಾರೋ ಇಂಜಿನ್ನನ್ನು ಬೈದರು. ಆಮೇಲೆ ಏನೂ ಇಲ್ಲ. ಅವಳಿಗೆ ಸಿಟ್ಟು ಇಳಿದಿಲ್ಲವೇನೋ ಎಂದು ಅವನಿಗೆ ಅಳುಕಾಯಿತು.

ಗರ್‍ರ್ ಎಂದು ಸದ್ದಾಯಿತು.

"ಅಲ್ಫೇ," ಎಂದಳು ಬಸ್ಸಿನವಳು. "ವಾಯುವ್ಯದ ಗಾಳಿ ಏಳ್ತಿದೆ. ಕೋಳಿ ಫ್ರಿಕೋ ಸಾರು, ಕಾಕಂಬಿ ರೊಟ್ಟಿ ಎಲ್ಲಾ ಕಟ್ಟಿಟ್ರೆ ಡಬ್ಬಿ ಮೇಜಿನ ಮೇಲೇ ಬಿಟ್ಟು ಹೋಗಿದ್ದೀಯ. ತಲೇನೂ ಇಲ್ಲೇ ಬಿಟ್ಟಿದ್ದೀಯೇನೋ ಅಂತ ಹುಡುಕ್ತಾ ಇದ್ದೀನಿ."

ಹಿಂದಿನ ದೋಣಿಯ ಮುದುಕ ಉಲೀಸ್, "ಝೆಲಿಕಾ ಬಂದ್ಲು ಕಣ್ರೋ!" ಎಂದು ಕೂಗಿ ಹಾರನ್ ಒತ್ತಿದ. ಒಂದೊಂದಾಗಿ ದೋಣಿಗಳೆಲ್ಲ ಹಾರನ್ ಹೊಡೆದವು. ದನಿ ಯಾರದಾದರೇನು, ಬೈಗುಳ ಅವಳದೇ. ಅಲ್ಫೇಗೆ ಕಣ್ಣು ತುಂಬಿ ಬಂತು.

"ಉತ್ರ ಕೊಡೋ, ಅಲ್ಲೇ ನಿಂತ್ಯಲ್ಲ!" ಎಂದ ಉಲೀಸ್.

ಅಲ್ಫೇ ಮೈಕಿಗೆ ಕೈ ಚಾಚಿದವನು ಅರ್ಧಕ್ಕೇ ನಿಂತ. ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ರೇನ್‌ಕೋಟಿನ ಗುಂಡಿ ಬಿಚ್ಚಿ, ಒಳಗಿನ ಉಣ್ಣೆಯ ಸ್ವೆಟರಿಗೆ ಎರಡೂ ಕೈಗಳನ್ನು ನಿಧಾನವಾಗಿ ಒರೆಸಿಕೊಳ್ಳತೊಡಗಿದ.