ಮೋರಿಯ ಈಚೆಗಿನ ಹೆಸರು

"ಆ ಕ್ಯಾನು ಹೊರಗಿಡೇ ಮುದುಕಿ. ನಿನ್ನ ಗಬ್ಬುನೀರಿನ ನಾತ ಸಾಹೇಬ್ರ ಮೂಗಿಗೆ ಹೊಡೀಬೇಕಾ?"

ಮಾಲೀಕ ಹೀಗೆ ಅಂದಾಗ ನಮ್ಮತ್ತೆ ಅವನ ಸಾರಾಯಿ ಕಾರ್ಖಾನೆಯ ಮೀಟಿಂಗ್ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಐದು ಲೀಟರಿನ ಕ್ಯಾನು, ಇನ್ನೊಂದರಲ್ಲಿ ತಕರಾರು ಅರ್ಜಿ. ನಾನು ನೆಲ ಒರೆಸುತ್ತಿದ್ದೆ. ಬಾಟಲಿ ತೊಳೆಯುವುದು ಅಲ್ಲಿ ನನ್ನ ಕೆಲಸ. ದೊಡ್ಡವರು ಬರುವ ದಿನ ನೆಲವೂ ನನ್ನ ಪಾಲಿಗೇ ಬರುತ್ತದೆ.

"ತರಬೇಕು ಅಂತ ನೋಟೀಸಲ್ಲಿ ಬರೆದಿದೆ ಯಜಮಾನ್ರೇ. ರುಚಿ ನೋಡ್ತಾರಂತಲ್ಲ."

"ನೋಡ್ತಾರೆ, ನೋಡ್ತಾರೆ. ಮೊದ್ಲು ಚಪ್ಪಲಿ ಬಿಟ್ಟು ಬಾ."

ಅವನ ಕಾಲಲ್ಲಿ ಬೂಟಿತ್ತು. ನಾನು ಒರೆಸಿದ ನೆಲದ ಮೇಲೆ ಅದರ ಗುರುತುಗಳೂ ಇದ್ದವು.

ನಮ್ಮ ಕೇರಿಯ ಹೆಂಗಸರು ಕಾಡುಹಣ್ಣಿನ ಸಾರಾಯಿ ಇಳಿಸುತ್ತಾರೆ. ಕೇರಿಗೆ ಯಾವ ಹೆಸರೋ ಸಾರಾಯಿಗೂ ಅದೇ ಹೆಸರು. ಪೇಟೆಯ ವ್ಯಾಪಾರಿಗಳು ಬರೀ ಸ್ಪಿರಿಟ್ಟಿಗೆ ಬಣ್ಣ ಕಲಸಿ ಅದೇ ಹೆಸರಲ್ಲಿ ಮಾರತೊಡಗಿದಾಗ, ಹೆಸರಿಗೆ ಕಾನೂನಿನ ರಕ್ಷಣೆ ಬೇಕು ಎಂದು ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವಳು ನಮ್ಮತ್ತೆಯೇ. ಅರ್ಜಿ ಬರೆದುಕೊಟ್ಟ ಪುಣ್ಯಾತ್ಮ ಈ ಮಾಲೀಕ. ಅರ್ಜಿಯ ಜೊತೆ ಗಡಿಯ ನಕ್ಷೆ ಇರಬೇಕಂತೆ, ಅದನ್ನೂ ಅವನೇ ಬರೆಸಿದ. ಅವನ ಕಾರ್ಖಾನೆಗೂ ನಮ್ಮ ಕೇರಿಗೂ ನಡುವೆ ಒಂದು ಮೋರಿಯಿದೆ. ಗಡಿಯ ಗೆರೆಯನ್ನು ಆ ಮೋರಿಯ ಮೇಲೆಯೇ ಎಳೆಸಿದ. ಕಾರ್ಖಾನೆ ಹೆಸರಿನ ಒಳಗೆ ಬಂತು, ಕೇರಿ ತನ್ನ ಹೆಸರಿನಿಂದಲೇ ಹೊರಗೆ ಬಿತ್ತು. ಹೋದ ತಿಂಗಳು ಪೊಲೀಸರು ಬಂದು ನಕಲಿ ಮಾಲು ಎಂದು ಅತ್ತೆಯ ತಾಮ್ರದ ಹಂಡೆಗೆ ಹಾರೆಯಿಂದ ತೂತು ಹೊಡೆದರು. ಅವಳು ತೇಪೆ ಹಾಕಿಸಿಕೊಂಡು ಮತ್ತೆ ಒಲೆಗಿಟ್ಟಳು.

ಇವತ್ತು ಅವಳ ತಕರಾರಿನ ಕೊನೆಯ ವಿಚಾರಣೆ. ಕೇರಿಯದೂ ಅದೇ ಸಾರಾಯಿ ಎಂದು ಒಪ್ಪಿದರೆ ಗೆರೆ ಸರಿಯುತ್ತದೆ. ಒಪ್ಪದಿದ್ದರೆ ಆ ಹೆಸರು ಹೇಳಿ ಮಾರಿದವರಿಗೆ ಜೈಲು.

ಹನ್ನೊಂದಕ್ಕೆ ಬರಬೇಕಾದವರು ಒಂದೂವರೆಗೆ ಬಂದರು. ಒಬ್ಬ ಹೆಸರು ನೋಂದಣಿ ಇಲಾಖೆಯ ಅಧಿಕಾರಿ. ಇನ್ನೊಬ್ಬ ರುಚಿ ಪಂಡಿತ, ನಾಲಗೆಗೆ ಸಂಬಳ ತೆಗೆದುಕೊಳ್ಳುವವನು. ತನ್ನ ಗಾಜಿನ ಲೋಟವನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟುಕೊಂಡು ತಂದಿದ್ದ. ಮೊದಲು ಊಟ ಮಾಡಿದರು. ಅತ್ತೆ ಬಾಗಿಲ ಹೊರಗೆ ಕೂತಳು.

"ಕಾನೂನು ಇರೋದು ನಿಮ್ಮಂಥೋರಿಗೇ ಅಜ್ಜಿ," ಅಧಿಕಾರಿ ಹಲ್ಲುಕಡ್ಡಿ ಆಡಿಸುತ್ತ ಹೇಳಿದ. "ಹೆಸರು ಕಳ್ಳರ ಪಾಲಾಗಬಾರದು ಅಂತ."

"ಸರಿ ಸ್ವಾಮಿ. ಕಳ್ಳ ಯಾರು ಅಂತ ಬರ್ಕೊಂಡಿದೀರಾ?"

"ಅಧಿಕಪ್ರಸಂಗ ಬೇಡ. ನೀನು ಹೇಗೆ ಮಾಡ್ತೀಯ, ಅದನ್ನ ಹೇಳು."

ಅತ್ತೆ ಹೇಳಿದಳು. ಹಂಡೆಯಿಂದ ಮೊದಲು ಇಳಿಯುವುದು ತಲೆ, ಅದು ಕಣ್ಣು ಸುಡುತ್ತದೆ, ಬೇಲಿಗೆ ಚೆಲ್ಲಬೇಕು. ಆಮೇಲೆ ಬರುವ ಹೊಟ್ಟೆಯೇ ಸಾರಾಯಿ. ಕೊನೆಯದು ಬಾಲ, ಮಂಡಿನೋವಿಗೆ ತಿಕ್ಕಿಕೊಳ್ಳಬಹುದು, ಕುಡಿಯಬಾರದು. ಎಲ್ಲಿ ತಲೆ ಮುಗಿಯಿತು, ಎಲ್ಲಿ ಬಾಲ ಶುರುವಾಯಿತು ಎನ್ನುವುದು ಅಂಗೈಗೆ ನಾಲ್ಕು ಹನಿ ಬಿಟ್ಟು, ತಿಕ್ಕಿ ಮೂಸಿದರೆ ಗೊತ್ತಾಗುತ್ತದೆ.

"ಅಂಗೈಯಲ್ಲಾ?" ಪಂಡಿತ ಅಧಿಕಾರಿಯ ಕಡೆ ತಿರುಗಿ ನಕ್ಕ. "ತೊಳೆದ ಕೈಯೋ, ಹಾಗೇನೋ?"

"ನಮ್ಮಲ್ಲಿ ಮೀಟರ್ ಇದೆ ಸಾರ್," ಎಂದ ಮಾಲೀಕ.

ಮೀಟರ್ ಇರುವುದು ನಿಜ. ನೋಡುವವರಿಲ್ಲ. ಅಲ್ಲಿ ತಲೆ, ಬಾಲ ಎರಡೂ ಬಾಟಲಿಗೇ ಹೋಗುತ್ತವೆ. ಚೆಲ್ಲಿದರೆ ನಷ್ಟವಲ್ಲವೇ? ಆ ಬಾಟಲಿಯ ಮೇಲಿನ ಲೇಬಲ್ಲಿನಲ್ಲಿ ಮುದುಕಿಯೊಬ್ಬಳು ಅಂಗೈ ಮೂಸುತ್ತಿರುವ ಚಿತ್ರವಿದೆ. ಸೊಟ್ಟ ಮೂಗು ಸಮೇತ ನಮ್ಮತ್ತೆಯೇ.

ಎರಡೂ ಕಡೆಯ ಸಾರಾಯಿಯನ್ನು ಎರಡು ಜಗ್ಗಿಗೆ ಬಗ್ಗಿಸಿ ತರಲು, ಅತ್ತೆಯ ಕ್ಯಾನು ಕೊಟ್ಟು, ನನ್ನನ್ನು ಹಿಂದಿನ ಕೋಣೆಗೆ ಕಳಿಸಿದರು. ಒಂದು ಜಗ್ಗಿಗೆ ಕಂಪನಿಯ ಚಿನ್ನದ ಬಣ್ಣದ ಚೀಟಿ, ಇನ್ನೊಂದರ ಮೇಲೆ ಸೀಮೆಸುಣ್ಣದಲ್ಲಿ 'ಕೇರಿ'. ಕಂಪನಿಯ ಬಾಟಲಿ ಕೈಗೆತ್ತಿಕೊಂಡೆ. ಆಗ ಅತ್ತೆಯ ಚಪ್ಪಲಿ ನೆನಪಾಗಿ ಮೈ ಉರಿಯಿತು. ಬಾಟಲಿ ಕೆಳಗಿಟ್ಟೆ. ಎರಡೂ ಜಗ್ಗಿಗೆ ಅತ್ತೆಯ ಕ್ಯಾನಿನಿಂದಲೇ ಬಗ್ಗಿಸಿದೆ. ಇವರಿಗೆ ನಾಲಗೆ ಅನ್ನುವುದೊಂದು ಇದ್ದರೆ ಎರಡಕ್ಕೂ ಒಂದೇ ಮಾತು ಹೇಳಬೇಕು, ಹೇಳಲಿ ನೋಡೋಣ ಅಂದುಕೊಂಡೆ.

ಪಂಡಿತ ಚಿನ್ನದ ಚೀಟಿಯ ಜಗ್ಗಿನಿಂದ ಬಗ್ಗಿಸಿಕೊಂಡ. ಲೋಟವನ್ನು ಬೆಳಕಿಗೆ ಹಿಡಿದು, ಮೂಗು ಇಳಿಬಿಟ್ಟು, ಕಣ್ಣು ಮುಚ್ಚಿದ.

"ಆಹಾ. ಇದರಲ್ಲಿ ಮಣ್ಣಿದೆ. ತಲೆಮಾರುಗಳ ತಾಳ್ಮೆ ಇದೆ."

ಅಧಿಕಾರಿ ತಲೆದೂಗಿ ಒಂದು ಲೋಟ ಮುಗಿಸಿದ. ಇನ್ನೊಂದು ಬಗ್ಗಿಸಿಕೊಂಡ. ಅದೂ ಮುಗಿಯಿತು.

ಆಮೇಲೆ ಸೀಮೆಸುಣ್ಣದ ಜಗ್ಗು. ಪಂಡಿತ ಒಂದು ಗುಟುಕು ಬಾಯಿಗೆ ಹಾಕಿದವನೇ ಬೋಗುಣಿಗೆ ಉಗಿದ.

"ಥೂ. ಹಸಿಹಸಿ, ಸೀದ ವಾಸನೆ. ಕಾಲು ತೊಳೆಯಕ್ಕೂ ಲಾಯಕ್ಕಿಲ್ಲ."

ಅಧಿಕಾರಿಯೂ ನಾಲಗೆಗೆ ತಾಗಿಸಿಕೊಂಡು ಉಗಿದ. "ಎರಡಕ್ಕೂ ಸಂಬಂಧಾನೇ ಇಲ್ಲ. ತಕರಾರು ವಜಾ." ಅಲ್ಲೇ ಬರೆದ, ಸಹಿ ಹಾಕಿದ, ಮೊಹರು ಒತ್ತಿದ. ಅತ್ತೆಯ ಮುಖ ನನಗೆ ನೋಡಲಾಗಲಿಲ್ಲ.

"ಸಾಹೇಬ್ರೇ," ಅಂದೆ. "ಎರಡೂ ಒಂದೇ ಕ್ಯಾನಿಂದು. ನಮ್ಮತ್ತೇದು. ಬೇಕಾದ್ರೆ ಹೋಗಿ ನೋಡಿ, ಕಂಪನಿ ಬಾಟ್ಲಿ ಮುಚ್ಚಳ ಇನ್ನೂ ತೆಗೆದಿಲ್ಲ."

ಪಂಡಿತ ತನ್ನ ಲೋಟವನ್ನು ಒರೆಸಿ ಪೆಟ್ಟಿಗೆಯೊಳಗೆ ಮಲಗಿಸತೊಡಗಿದ.

"ಏ ಲೌಡಿ," ಮಾಲೀಕ ನನ್ನ ರಟ್ಟೆ ಹಿಡಿದ. "ತಿಂದ ಮನೆಗೆ ಎರಡು ಬಗೀತೀಯೇನೇ?"

"ಸಹಿ ಆಗಿದೆ," ಅಧಿಕಾರಿ ಫೈಲು ಮುಚ್ಚಿದ. "ಇನ್ನು ಏನಿದ್ದರೂ ಮೇಲ್ಮನವಿ."

ಅತ್ತೆ ಎದ್ದು ಒಳಗೆ ಬಂದಳು. ಚಪ್ಪಲಿ ಮೆಟ್ಟಿಕೊಂಡೇ ಬಂದಳು. ಮೇಜಿನ ಮೇಲಿದ್ದ ಜಗ್ಗು ಎತ್ತಿ, ಸಹಿ ಹಾಕಿದ ಆ ಕೈಯನ್ನು ಹಿಡಿದೆಳೆದು, ಅಂಗೈಗೆ ಸಾರಾಯಿ ಸುರಿದು, ತನ್ನ ಎರಡೂ ಕೈಯಿಂದ ಗಸಗಸ ತಿಕ್ಕಿದಳು. ಇಲಾಖೆಯ ಜವಾನನೂ ಮುಟ್ಟದ ಕೈ ಅದು.

"ಈಗ ಮೂಸು. ನಿನ್ನ ಕೈಯಾದ್ರೂ ನಿಜ ಹೇಳುತ್ತೆ."

ಅವನು ಮೂಸಿದ. ಬೇಡ ಎನ್ನುವಷ್ಟರಲ್ಲಿ ಮೂಗು ತಾನಾಗಿ ಹೋಗಿತ್ತು. ಮಾಲೀಕ ಅವಳನ್ನು ಹೊರಗೆ ತಳ್ಳಿದ. ಹಿಂದೆಯೇ ನನ್ನನ್ನು, ನನ್ನ ಹಿಂದೆ ಕ್ಯಾನನ್ನು. ನಾಳೆಯಿಂದ ನನಗೆ ಕೆಲಸವಿಲ್ಲ. ಕಿಟಕಿಯಲ್ಲಿ ನೋಡಿದರೆ ಅಧಿಕಾರಿ ನಲ್ಲಿಯ ಕೆಳಗೆ ಕೈಗೆ ಸೋಪು ಹಚ್ಚುತ್ತಿದ್ದ, ಮಾಲೀಕ ಟವೆಲು ಹಿಡಿದು ನಿಂತಿದ್ದ. ಒಳ್ಳೆಯ ಸಾರಾಯಿಯ ವಾಸನೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಸಂಜೆ ನಾಲ್ಕೂವರೆಗೆ ಇಲಾಖೆಯ ಕಾರು ಮೋರಿಯ ಆಚೆ ಬಂದು ನಿಂತಿತು. ಡ್ರೈವರ್ ಕಲ್ಲುಚಪ್ಪಡಿ ದಾಟಿ ನಮ್ಮ ಬಾಗಿಲಿಗೆ ಬಂದ.

"ಅಜ್ಜಿ, ಸಾಹೇಬ್ರಿಗೆ ಎರಡು ಬಾಟ್ಲಿ ಬೇಕಂತೆ. ಆ ಚಿನ್ನದ ಚೀಟಿ ಜಗ್ಗಿಂದು."

"ಯಾವ ಸಾರಾಯಿ ಬೇಕಪ್ಪ? ಹೆಸರು ಹೇಳು."

"ಗೊತ್ತಲ್ಲಜ್ಜಿ. ಹೆಸರೆಲ್ಲ ಎತ್ತಬೇಡ ಅಂದಿದ್ದಾರೆ."

"ಹೆಸರಿಲ್ಲದ್ದು ನಾನು ಮಾರಲ್ಲ. ಬೇಕಾದೋನು ಬಂದು ಹೆಸರು ಹೇಳಿ ತಗೊಂಡು ಹೋಗಲಿ."

ಡ್ರೈವರ್ ಹೋದ, ಬಂದ, ಮತ್ತೆ ಹೋದ. ಅಷ್ಟರಲ್ಲಿ ಕೇರಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಕಾರಿನ ಗಾಜು ಇಳಿಯಿತು. ಅಧಿಕಾರಿ ಅಂಗೈಯನ್ನು ಮೂಗಿನ ಹತ್ತಿರ ಇಟ್ಟುಕೊಂಡೇ ಕೂತಿದ್ದ. ಸ್ವಲ್ಪ ಹೊತ್ತಿಗೆ ಕೆಳಗಿಳಿದ. ಪ್ಯಾಂಟು ಎತ್ತಿಕೊಂಡು ತಾನೇ ಮೊಹರು ಒತ್ತಿದ ಮೋರಿಯ ಗೆರೆ ದಾಟಿದ. ಅತ್ತೆಯ ಮುಂದೆ ನಿಂತು, ಅತ್ತ ಇತ್ತ ನೋಡಿ, ತುಟಿ ಮಾತ್ರ ಅಲ್ಲಾಡಿಸಿ ನಮ್ಮ ಕೇರಿಯ ಹೆಸರು ಹೇಳಿದ.

ಅತ್ತೆ ಆಗಲೇ ತುಂಬಿಸಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಎರಡು ಬಾಟಲಿಗಳನ್ನು ಎತ್ತಲಿಲ್ಲ.

"ಕೇಳಿಸಲಿಲ್ಲ," ಅಂದಳು. "ಆ ಕೊನೇ ಮನೆಯೋಳಿಗೆ ಕಿವಿ ಮಂದ. ಅವಳಿಗೆ ಕೇಳೋ ಹಾಗೆ ಹೇಳು."