ಮಗಳ ಹೆಸರಿನ ಪತ್ರಗಳು

ಗ್ಲೆನ್ ಹ್ಯಾಸ್ಕೆಟ್ ಮಗಳ ಹೆಸರಿನಲ್ಲಿ ಮೊದಲ ಪತ್ರ ಬರೆದಾಗ ಬ್ರಿನ್‌ಗೆ ಹದಿನಾಲ್ಕು ತುಂಬಿ ಹನ್ನೊಂದು ದಿನವಾಗಿತ್ತು. ಬೆಳಗಿನ ಐದೂವರೆ. ಹುಡುಗಿ ಮೇಲಿನ ಕೋಣೆಯಲ್ಲಿ ಇನ್ನೂ ಮಲಗಿದ್ದಳು. ಅವನು ಅಡುಗೆಮನೆಯ ಮೇಜಿನ ಮೇಲೆ ಕಾಫಿ ಇಟ್ಟುಕೊಂಡು, "ಪ್ರಿಯ ಕೋಚ್, ನನ್ನ ಹೆಸರು ಬ್ರಿನ್. ನಾನು ಒಹಾಯೋದವಳು, ಸಾಫ್ಟ್‌ಬಾಲ್‌ನಲ್ಲಿ ಎಡಗೈಯಿಂದ ಚೆಂಡೆಸೆಯುವ ಪಿಚರ್" ಎಂದು ಟೈಪು ಮಾಡಿದ. ಇದರಲ್ಲಿ ಸುಳ್ಳೇನಿದೆ ಎಂದುಕೊಂಡ. ಹೋಮ್‌ವರ್ಕಿಗೆ ಯಾವ ಅಪ್ಪ ಕೈ ಹಾಕುವುದಿಲ್ಲ?

ಗ್ಲೆನ್ ಊರಿನ ಮನೆಗಳ ಬಿಸಿಗಾಳಿ ಯಂತ್ರಗಳನ್ನು ರಿಪೇರಿ ಮಾಡುವವನು. ಕೆಲಸದಲ್ಲಿ ನಿಪುಣ, ಮಾತಿನಲ್ಲಿ ಕಮ್ಮಿ. ನೆಲಮಾಳಿಗೆಗಳ ಕತ್ತಲಲ್ಲಿ ಮಾಡುವ ಆ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಬ್ರಿನ್ ಒಂಬತ್ತರ ಹುಡುಗಿಯಾಗಿದ್ದಾಗ ಸಾಫ್ಟ್‌ಬಾಲ್ ಆಟವೊಂದರಲ್ಲಿ ತೋಳನ್ನು ಗಿರ್ರನೆ ಸುತ್ತಿಸಿ ಎಸೆದು ಹನ್ನೊಂದು ಹುಡುಗಿಯರನ್ನು ಔಟ್ ಮಾಡಿದಳು. ಗುರುತಿಲ್ಲದ ಯಾರೋ ಒಬ್ಬ ಗ್ಲೆನ್‌ನ ಬೆನ್ನು ತಟ್ಟಿ, "ನಿಮ್ ಮಗಳಾ? ಅಬ್ಬಾ!" ಎಂದ. ಅವತ್ತು ಸಂಜೆಯೆಲ್ಲ ಗ್ಲೆನ್‌ಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅಲ್ಲಿಂದ ಶುರು. ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ, ಬೇಸಿಗೆಯಲ್ಲಿ ಹಿತ್ತಲಲ್ಲಿ, ಅವನು ಬಕೆಟ್ ಬೋರಲು ಹಾಕಿ ಕೂತು ಅವಳೆಸೆದ ಚೆಂಡು ಹಿಡಿಯುತ್ತಿದ್ದ. ದಿನಕ್ಕೆ ನೂರು ಎಸೆತ, ಆಮೇಲೆ ನೂರೈವತ್ತು. ವಾರಾಂತ್ಯಗಳೆಲ್ಲ ಟೂರ್ನಮೆಂಟು. ಒಳ್ಳೆಯ ಕಾಲೇಜು ತಂಡವೊಂದು ಅವಳನ್ನು ಆರಿಸಿಕೊಳ್ಳಬೇಕು, ಅಷ್ಟೇ. ಅದಕ್ಕಾಗಿ ಕೋಚ್‌ಗಳಿಗೆ ಬರೆಯಬೇಕು, ಬರೆಯುತ್ತಲೇ ಇರಬೇಕು. ಆಟದ ವೀಡಿಯೋ ಕಳಿಸುತ್ತಿದ್ದೇನೆ ಎಂದು ಮಗಳಿಗೆ ಹೇಳಿದ್ದ. ಅವಳ ಹೆಸರಿನಲ್ಲಿ ತಾನು ತೆರೆದ ಇಮೇಲಿನ, ಅದರಿಂದ ಬರೆಯುವ ಪತ್ರಗಳ ವಿಷಯ ಹೇಳಿರಲಿಲ್ಲ. ಯಾರಾದರೂ ಫೋನ್ ಮಾಡಿದರೆ ಹುಡುಗಿಯ ಪಕ್ಕದಲ್ಲೇ ಕೂತು, ಏನು ಉತ್ತರಿಸಬೇಕೆಂದು ಚೀಟಿ ಬರೆದು ತಳ್ಳುತ್ತಿದ್ದ.

ವಿಚಿತ್ರವೆಂದರೆ ಮಾತಿಗೆ ತಡವರಿಸುವ ಗ್ಲೆನ್‌ಗೆ ಮಗಳ ಹೆಸರಿನಲ್ಲಿ ಬರೆಯಲು ಕೂತರೆ ಮಾತು ತಾನಾಗಿ ಹರಿಯುತ್ತಿತ್ತು. ಆ ಪತ್ರಗಳ ಬ್ರಿನ್ ಧೈರ್ಯವಂತೆ, ತಮಾಷೆಗಾತಿ, ಸೋತರೂ ನಗುವವಳು. ಮೂರು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಪತ್ರಗಳಾದವು. ಮಿಷಿಗನ್‌ನ ಸಣ್ಣ ಕಾಲೇಜೊಂದರ ಕೋಚ್ ರೆನಾಟಾ ಆಸ್ಟ್ರೋಸ್ಕಿ ತನಗೆ ಬಂದ ಪ್ರತಿಯೊಂದಕ್ಕೂ ಉತ್ತರ ಬರೆದಳು. ಕೊನೆಗೆ ಶಾಲೆಯ ಕೊನೇ ವರ್ಷದ ಅಕ್ಟೋಬರ್‌ನಲ್ಲಿ, "ಅಪ್ಪ ಅಮ್ಮನ ಜೊತೆ ಬಾ, ಕೂತು ಮಾತಾಡೋಣ" ಎಂದು ಕರೆದಳು.

ಗ್ಲೆನ್, ಹೆಂಡತಿ ಮಾರ್ಲೀನ್, ಬ್ರಿನ್ ಮೂವರೂ ಮೂರು ಗಂಟೆ ಪ್ರಯಾಣ ಮಾಡಿ ಹೋದರು. ರೆನಾಟಾಗೆ ಐವತ್ತು ದಾಟಿತ್ತು, ದೊಡ್ಡ ಗಂಟಲು. ಅವಳು ಕೇಳಿದ ಮೊದಲ ಮೂರು ಪ್ರಶ್ನೆಗೂ ಗ್ಲೆನ್ನೇ ಉತ್ತರ ಕೊಟ್ಟ. ಏನು ಓದಬೇಕೆಂದಿದ್ದೀಯ ಎಂದರೆ, "ಫಿಸಿಯೋಥೆರಪಿ ಅಂತಾಳೆ." ಮನೆ ಬಿಟ್ಟಿರೋದು ಕಷ್ಟವಾಗಲ್ವಾ ಎಂದರೆ, "ಇವಳು ಗಟ್ಟಿ ಕಣ್ರೀ, ಏನೂ ಆಗಲ್ಲ."

ರೆನಾಟಾ ನಕ್ಕಳು. "ಹ್ಯಾಸ್ಕೆಟ್ ಅವರೇ, ಆಡೋರು ನೀವಲ್ಲವಲ್ಲ. ಹುಡುಗಿ ಬಾಯಿಂದ ಕೇಳೋಣ." ಬ್ರಿನ್ ಕಡೆ ತಿರುಗಿದಳು. "ಇಪ್ಪತ್ತೆರಡು ವರ್ಷದಿಂದ ಈ ಕುರ್ಚೀಲಿ ಕೂತಿದೀನಿ ಮಗು. ನಿನ್ನ ಹಾಗೆ ಬರೆಯೋರನ್ನ ನೋಡಿಲ್ಲ. ನಿಮ್ಮ ತಾತನ ಬಗ್ಗೆ ಬರೆದಿದ್ದೆಯಲ್ಲ, ಅದನ್ನ ಫೈನಲ್‌ಗೆ ಮುಂಚೆ ನನ್ನ ಹುಡುಗೀರಿಗೆ ಓದಿ ಹೇಳ್ದೆ. ಇಬ್ಬರು ಅತ್ತೇಬಿಟ್ರು."

"ಯಾವ ಪತ್ರ?" ಎಂದಳು ಬ್ರಿನ್.

"ನಾಚ್ಕೊತಾಳೆ," ಎಂದು ಗ್ಲೆನ್ ನಕ್ಕ. ತನ್ನ ನಗು ತನಗೇ ಕರ್ಕಶವಾಗಿ ಕೇಳಿಸಿತು.

ರೆನಾಟಾ ನಗಲಿಲ್ಲ. ಫೈಲಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಸರಿಸಿದಳು. ಬ್ರಿನ್ ಬೆರಳಿಟ್ಟುಕೊಂಡು ಓದಿದಳು. ತಾತ ಆಸ್ಪತ್ರೆಯ ಮಂಚದಲ್ಲಿ ತನ್ನ ಕೈ ಹಿಡಿದು, "ಹೋಗಿ ಆಡು ಕಣೇ, ನನಗೋಸ್ಕರ ಆಡು" ಎಂದರೆಂದೂ, ಅದಕ್ಕೇ ಅಂತ್ಯಕ್ರಿಯೆಯ ದಿನ ತಾನಾಗಿಯೇ ಇಂಡಿಯಾನಾದ ಟೂರ್ನಮೆಂಟಿಗೆ ಹೋದೆನೆಂದೂ ಅದರಲ್ಲಿತ್ತು. ಓದಿ ಮುಗಿಸಿದ ಮೇಲೂ ಹುಡುಗಿ ತಲೆ ಎತ್ತಲಿಲ್ಲ. ಮಾರ್ಲೀನ್ ಅವಳ ಕೈಯಿಂದ ಹಾಳೆ ತೆಗೆದುಕೊಂಡಳು. ತೀರಿಹೋದ ಆ ತಾತ, ಆರ್ವಿಲ್, ಮಾರ್ಲೀನ್‌ಳ ತಂದೆ.

"ಅಪ್ಪ ಕೊನೇ ಆರು ದಿನ ಕಣ್ಣೇ ಬಿಟ್ಟಿರ್ಲಿಲ್ಲ," ಎಂದಳು ಮಾರ್ಲೀನ್. ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ.

ರೆನಾಟಾ ಫೈಲು ಮುಚ್ಚಿ, "ಹ್ಯಾಸ್ಕೆಟ್ ಅವರೇ, ನೀವು ಆಚೆ ಕೂತಿರಿ," ಎಂದಳು.

ಗ್ಲೆನ್ ಹೊರಗೆ ಹೋದ. ಗಾಜಿನ ಕಪಾಟಿನಲ್ಲಿ ಹಳೆಯ ತಂಡಗಳ ಫೋಟೋಗಳಿದ್ದವು. ನಲವತ್ತು ನಿಮಿಷ ಅದರ ಮುಂದೆ ನಿಂತಿದ್ದ. ಒಳಗಿನಿಂದ ಮಗಳ ದನಿ ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅವಳು ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ಅವನು ಎಂದೂ ಕಂಡಿರಲಿಲ್ಲ.

ವಾಪಸು ಬರುವಾಗ ಮಾರ್ಲೀನ್ ಗಾಡಿ ಓಡಿಸಿದಳು. ಗಾಡಿ ಗಡಿ ದಾಟಿ ಒಹಾಯೋಗೆ ಬಂತು.

"ನಿನ್ನ ಒಳ್ಳೇದಕ್ಕೇ ಕಣಮ್ಮ ಬರೆದಿದ್ದು," ಎಂದ ಗ್ಲೆನ್ ಕೊನೆಗೆ, ಮುಂದಿನ ಸೀಟಿನಿಂದ ತಿರುಗದೆ.

"ತಾತನ್ನ ಮಣ್ಣು ಮಾಡೋ ಕಡೆಗೇ ಹೋಗ್ಬೇಕು ಅಂತ ಅವತ್ತು ನಾನು ಅತ್ತೆ," ಎಂದಳು ಬ್ರಿನ್. "ಟೂರ್ನಮೆಂಟಿನ ದಾರೀಲೆಲ್ಲ, ಫೋರ್ಟ್ ವೇನ್ ಬರೋ ತನಕ ಅತ್ತೆ. ನೀನು ರೇಡಿಯೋ ಹಾಕ್ದೆ."

"ಅವತ್ತು ಎಷ್ಟು ಜನ ಕೋಚ್‌ಗಳು ಬಂದಿದ್ರು ಗೊತ್ತಾ ನಿನಗೆ?"

"ಮೂರನೇ ಇನ್ನಿಂಗ್ಸಲ್ಲೇ ನನ್ನ ಆಟದಿಂದ ಹೊರಗೆ ಕೂರ್ಸಿದ್ರು ಅಪ್ಪ. ಅದನ್ನ ಯಾಕೆ ಬರೀಲಿಲ್ಲ?"

ಗ್ಲೆನ್ ಕಿಟಕಿಯ ಗಾಜು ಇಳಿಸಿ, ಮತ್ತೆ ಏರಿಸಿದ.

"ಅವತ್ತು ನನ್ನ ಹತ್ರ ಬೇರೇನೇ ಅಂದೆ ನೀನು," ಎಂದಳು ಮಾರ್ಲೀನ್ ರಸ್ತೆಯ ಮೇಲೇ ಕಣ್ಣಿಟ್ಟು. "ಅವಳೇ ಹಟ ಮಾಡ್ತಿದಾಳೆ, ಆಡ್ಲೇಬೇಕಂತೆ ಅಂದೆ. ನಾನು ನಂಬ್ದೆ. ಇವಳ ಮೇಲೆ ಒಂದು ವರ್ಷ ಸಿಟ್ಟಿಟ್ಕೊಂಡಿದ್ದೆ ಕಣೋ. ಹೆತ್ತ ಮಗಳ ಮೇಲೆ."

ಹಿಂದಿನ ಸೀಟಿನಲ್ಲಿ ಬ್ರಿನ್ ಅಳತೊಡಗಿದಳು. ಮಾರ್ಲೀನ್ ಒಂದು ಕೈ ಹಿಂದಕ್ಕೆ ಚಾಚಿದಳು. ಆ ಕೈ ಹಿಡಿದುಕೊಂಡೇ ಹುಡುಗಿ ಊರು ಮುಟ್ಟಿದಳು.

ರೆನಾಟಾ ತಂಡದಲ್ಲಿ ಜಾಗ ಕೊಡುವುದಿಲ್ಲ ಎಂದಿರಲಿಲ್ಲ. ವಾರದೊಳಗೆ ನಿನ್ನ ಕೈಯಾರೆ ಬರೆ, ಬರ್ತೀನಿ ಅಂತಾದರೂ ಸರಿ, ಬರಲ್ಲ ಅಂತಾದರೂ ಸರಿ ಎಂದು ಬ್ರಿನ್‌ಗೆ ಹೇಳಿದ್ದಳು. ಬ್ರಿನ್ ಮಂಗಳವಾರ ಶಾಲೆಯ ಲೈಬ್ರರಿಯಲ್ಲಿ ಕೂತು ಬರೆದಳು. ಅಮ್ಮನಿಗೆ ತೋರಿಸಿದಳು, ಅಪ್ಪನಿಗಿಲ್ಲ.

"ಏನಂತ ಬರೆದ್ಲು?" ಎಂದು ಗ್ಲೆನ್ ಮಾರ್ಲೀನ್‌ಳ ಹಿಂದೆಯೇ ಸುತ್ತಿದ.

"ಬರಲ್ಲ ಅಂತ. ಇಷ್ಟವಿಲ್ಲದೆ ಆಡೋಕೆ ಶುರುವಾಗಿ ಎರಡು ವರ್ಷ ಆಯ್ತಂತೆ. ಹೇಳೋಕೆ ಭಯ ಆಯ್ತಂತೆ."

"ಸಿಟ್ಟಲ್ಲಿ ಬರೆದಿದಾಳೆ."

"ಗ್ಲೆನ್, ಬಿಟ್ಬಿಡು."

"ಎಂಟು ವರ್ಷ ಮಾರ್ಲೀನ್! ಎಂಟು ವರ್ಷ ಆ ಬಕೆಟ್ ಮೇಲೆ ಕೂತಿದೀನಿ ನಾನು."

"ಕೂತಿದ್ದು ನೀನು. ಎಸೆದವಳು ಅವಳು."

ಗುರುವಾರ ಬೆಳಗ್ಗೆ ಐದೂವರೆಗೆ ಅವನಿಗೆ ಎಂದಿನಂತೆ ಎಚ್ಚರವಾಯಿತು. ಬ್ರಿನ್ ತನ್ನ ಶಾಲೆಯ ಇಮೇಲ್ ವಿಳಾಸದಿಂದ ಬರೆದಿದ್ದಳು. ಅವಳ ಹೆಸರಿನ ಹಳೆಯ ಇಮೇಲ್ ಗ್ಲೆನ್‌ನ ಕಂಪ್ಯೂಟರಿನಲ್ಲಿ ಇನ್ನೂ ತೆರೆದೇ ಇತ್ತು. ಸುಮ್ಮನೆ ನೋಡೋಣ ಎಂದು ಕೂತ. ಆಮೇಲೆ ಬೆರಳುಗಳು ಓಡತೊಡಗಿದವು. "ಪ್ರಿಯ ಕೋಚ್, ಮೊನ್ನೆ ನೋವಿನಲ್ಲಿ ಬರೆದದ್ದನ್ನು ದಯವಿಟ್ಟು ಮರೆತುಬಿಡಿ. ಅಪ್ಪನ ಮೇಲಿನ ಕೋಪಕ್ಕೆ ನನ್ನ ಆಟವನ್ನು ನಾನೇ ಕೊಲ್ಲಲು ಹೊರಟಿದ್ದೆ..." ಬರೆಯುತ್ತ ಬರೆಯುತ್ತ ಅವನಿಗೆ ಎದೆ ಹಗುರವಾಯಿತು. ಇದೇ ನಿಜ, ಮಗಳಿಗೆ ಹೇಳಲು ಬರುತ್ತಿಲ್ಲ ಅಷ್ಟೇ ಎಂದು ಆ ಅರ್ಧ ಗಂಟೆ ಅವನು ಮನಸಾರೆ ನಂಬಿದ್ದ. ಕಳಿಸಿ, ಲೋಟ ತೊಳೆದಿಟ್ಟು, ಕೆಲಸಕ್ಕೆ ಹೋದ.

ಸಂಜೆ ನಾಲ್ಕಕ್ಕೆ ಮನೆಗೆ ಬಂದಾಗ ಬ್ರಿನ್ ಅಡುಗೆಮನೆಯಲ್ಲಿ ಫೋನ್ ಹಿಡಿದು ನಿಂತಿದ್ದಳು. ಅವನನ್ನು ಕಂಡು ಸ್ಪೀಕರ್ ಒತ್ತಿದಳು.

"ಈ ವಾರ ನಿನ್ನಿಂದ ಎರಡು ಪತ್ರ ಬಂದಿವೆ ಮಗು," ಎನ್ನುತ್ತಿತ್ತು ರೆನಾಟಾಳ ದೊಡ್ಡ ಗಂಟಲು. "ಕಾಗುಣಿತ ತಪ್ಪಿರೋದು ನಿಂದು ತಾನೆ?"

"ಹೂಂ ಕೋಚ್."

"ಅಂದ್ಕೊಂಡೆ. ಸರಿ, ನಾನು ಅದನ್ನೇ ಇಟ್ಕೋತೀನಿ. ನೀನೇನೂ ತಪ್ಪು ಮಾಡಿಲ್ಲ, ತಿಳೀತಾ? ಹುಷಾರಾಗಿರು."

ಫೋನ್ ಇಟ್ಟ ಮೇಲೆ ಅವಳು ಕೂಗಾಡಬಹುದು ಎಂದು ಗ್ಲೆನ್ ಕಾದ. ಕೂಗಾಡಿದ್ದರೆ ಉತ್ತರ ಕೊಡುತ್ತಿದ್ದ, ಕ್ಷಮೆಯನ್ನೂ ಕೇಳುತ್ತಿದ್ದನೇನೋ. ಬ್ರಿನ್ ಅವನನ್ನು ಬೇರೆ ಯಾರನ್ನೋ ನೋಡುವ ಹಾಗೆ ನೋಡಿದಳು.

"ನಾನು ಈ ಮನೇಲಿ ಇದೀನಿ ಅಂತ ನಿನಗೆ ಗೊತ್ತಾ ಅಪ್ಪ?" ಎಂದಷ್ಟೇ ಕೇಳಿ ಮೇಲೆ ಹೋದಳು.

ಆ ಭಾನುವಾರವೇ ಮಾರ್ಲೀನ್ ಅವಳನ್ನು ಟೊಲೀಡೋದಲ್ಲಿದ್ದ ತನ್ನ ತಂಗಿ ಕೊರಿನ್‌ಳ ಮನೆಗೆ ಬಿಟ್ಟು ಬಂದಳು. ಉಳಿದ ವರ್ಷ ಅಲ್ಲಿನ ಶಾಲೆಯಲ್ಲೇ ಓದುವುದೆಂದು ನಿಶ್ಚಯವಾಯಿತು. ತಾಯಿ ಪ್ರತಿ ವಾರ ಹೋಗಿ ಬರುತ್ತಿದ್ದಳು. "ನಾನೂ ಬರ್ಲಾ?" ಎಂದು ಗ್ಲೆನ್ ಕೇಳುತ್ತಿದ್ದ. "ಬೇಡ ಅಂದಿದಾಳೆ," ಎನ್ನುತ್ತಿದ್ದಳು. ಮಾರ್ಲೀನ್ ಮನೆ ಬಿಡಲಿಲ್ಲ. ಅವಳ ದಿಂಬು ಮಾತ್ರ ಮೇಲೆ ಮಗಳ ಕೋಣೆಗೆ ಹೋಯಿತು, ಮತ್ತೆ ಕೆಳಗೆ ಬರಲಿಲ್ಲ. ಅಡುಗೆ ಮಾಡಿಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆ ಚಳಿಗಾಲ ಗ್ಲೆನ್ ಬೇರೆಯವರ ಮನೆಗಳನ್ನೆಲ್ಲ ಬೆಚ್ಚಗೆ ಮಾಡುತ್ತ ಆದಷ್ಟು ತಡವಾಗಿ ಮನೆ ಸೇರಿದ.

ಏಪ್ರಿಲ್‌ನ ಒಂದು ಮಧ್ಯಾಹ್ನ, ಕೆಲಸ ಬೇಗ ಮುಗಿದು ಬಂದಾಗ ಮನೆ ಮುಂದೆ ಕೊರಿನ್‌ಳ ಕಾರು ನಿಂತಿತ್ತು. ಬ್ರಿನ್ ಬೇಸಿಗೆಯ ಬಟ್ಟೆಗಳ ಪೆಟ್ಟಿಗೆಯನ್ನು ಡಿಕ್ಕಿಗೆ ಇಡುತ್ತಿದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಅವನು ಮನೆಯಲ್ಲಿರದ ಹೊತ್ತು ನೋಡಿಯೇ ಬಂದಿದ್ದಳೆಂಬುದು ಅವಳು ಬೆಚ್ಚಿದ ರೀತಿಯಲ್ಲೇ ಗೊತ್ತಾಯಿತು.

"ಚೆನ್ನಾಗಿದೀಯಾ?" ಎಂದ.

"ಹೂಂ. ಶನಿವಾರ ಭಾನುವಾರ ಬೇಕರೀಲಿ ಕೆಲಸ ಮಾಡ್ತೀನಿ. ಬ್ರೆಡ್ ಹಿಟ್ಟು ನಾದೋದು." ಪೆಟ್ಟಿಗೆಯನ್ನು ಒಳಕ್ಕೆ ತಳ್ಳಿ, "ಚೆನ್ನಾಗಿದೆ ಅಪ್ಪ. ಅಲ್ಲಿ ಒಬ್ಬ ಮುದುಕ ಇದಾನೆ, ಯಾವಾಗ್ಲೂ ಹಾಡು ಹೇಳ್ತಾನೆ, ಒಂದೂ ನೆಟ್ಟಗೆ ಬರಲ್ಲ," ಎಂದಳು. ತುಟಿಯಂಚಿನಲ್ಲಿ ನಗು ಬಂತು.

ಆರು ತಿಂಗಳಲ್ಲಿ ಅವಳು ಅವನಿಗೆ ಹೇಳಿದ ಮೊದಲ ಸಂಗತಿ ಅದು. ಆ ಮುದುಕನ ಹೆಸರೇನು, ಏನು ಹಾಡುತ್ತಾನೆ, ಬೆಳಗ್ಗೆ ಎಷ್ಟಕ್ಕೆ ಏಳುತ್ತೀಯ, ಏನಾದರೂ ಕೇಳಬಹುದಿತ್ತು. ಗ್ಲೆನ್ ಅವಳ ಎಡ ಭುಜವನ್ನೇ ನೋಡುತ್ತಿದ್ದ.

"ಹಿಟ್ಟು ನಾದಿದ್ರೆ ಭುಜಕ್ಕೆ ಪೆಟ್ಟಾಗಲ್ವಾ?" ಎಂದುಬಿಟ್ಟ. "ಆಗಾಗ ಚೆಂಡು ಎಸೀತಿದೀಯ ತಾನೆ?"

ನಗು ಹೋಯಿತು. ಬ್ರಿನ್ ಡಿಕ್ಕಿ ಮುಚ್ಚಿದಳು.

"ಹೊತ್ತಾಯ್ತು ಅಪ್ಪ, ಕೊರಿನ್ ಚಿಕ್ಕಮ್ಮಂಗೆ ಕಾರು ಬೇಕಂತೆ."

ಕಾರು ಹಿಮ್ಮುಖವಾಗಿ ರಸ್ತೆಗಿಳಿದು, ತಿರುಗಿ ಹೊರಟುಹೋಯಿತು. ಗ್ಲೆನ್ ಒಳಗೆ ಬಂದಾಗ ಮಾರ್ಲೀನ್ ಕಿಟಕಿಯ ಬಳಿ ನಿಂತಿದ್ದಳು.

"ನಿನ್ನ ಜೊತೆ ಮಾತಾಡ್ತಿದ್ಲಲ್ಲ," ಎಂದಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಏನೋ ಆಸೆಯಿತ್ತು. "ಏನು ಕೇಳ್ದೆ ಅವಳನ್ನ?"

ಗ್ಲೆನ್ ಕುರ್ಚಿ ಎಳೆದುಕೊಂಡು ಕೂತು ಬೂಟಿನ ದಾರ ಬಿಚ್ಚತೊಡಗಿದ. ಗಂಟು ಬಿಗಿದುಕೊಂಡಿತ್ತು. ಮಾರ್ಲೀನ್ ಅವನ ಬೆರಳುಗಳನ್ನೇ ನೋಡಿದಳು. ಅವನು ಮತ್ತೆ ಚೆಂಡಿನ ಮಾತೇ ಎತ್ತಿದನೆಂದು ಅವಳಿಗೆ ಅರ್ಥವಾಗಿರಬೇಕು, ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.